ಮಾಕ್ಸಿ-ಡೆಕ್ಸಾ ಕಣ್ಣಿನ ಡ್ರಾಪ್ಸ್ ರಿವ್ಯೂ: ಔಷಧಿಗೆ ಫುಲ್ ಮಾರ್ಕ್ಸ್, ಬಾಟಲಿಗೆ ಎರಡು ಸ್ಟಾರ್, ಮಾರೋ ರೀತಿಗೆ ಸೊನ್ನೆ

ಕಣ್ಣಿನ ಡ್ರಾಪ್ಸ್‌ಗೂ ರಿವ್ಯೂ ಬರೀತಾರಾ ಅಂತ ನಗಬೇಡಿ. ಮಿಕ್ಸಿಗೆ, ಕುಕ್ಕರ್‌ಗೆ ಪುಟಗಟ್ಟಲೆ ಬರೀತೀವಿ, ಕಣ್ಣಿಗೆ ಹಾಕೋದಕ್ಕೆ ಮಾತ್ರ ಮೆಡಿಕಲ್ ಶಾಪಿನವನು ಕವರಲ್ಲಿ ಹಾಕಿ ಕೊಟ್ಟಿದ್ದೇ ಫೈನಲ್. ಬ್ರ್ಯಾಂಡ್ ಹೆಸರು ಹೇಳಲ್ಲ, ಯಾಕಂದ್ರೆ ಹತ್ತಾರು ಕಂಪನಿಗಳು ಇದನ್ನೇ ಮಾಡ್ತಾವೆ, ಒಳಗಿರೋದು ಒಂದೇ: ಮಾಕ್ಸಿಫ್ಲಾಕ್ಸಸಿನ್ 0.5 ಪರ್ಸೆಂಟ್, ಡೆಕ್ಸಾಮೆಥಾಸೋನ್ 0.1 ಪರ್ಸೆಂಟ್, 5 ಎಂಎಲ್ ಬಾಟಲ್. ಅಮ್ಮನಿಗೆ ಪೊರೆ ಆಪರೇಷನ್ ಆದ್ಮೇಲೆ ಡಾಕ್ಟರು ಬರೆದುಕೊಟ್ಟಿದ್ದು ಇದು, ಜೊತೆಗೆ ನೋವು-ಊತಕ್ಕೆ ನೆಪಾಫೆನಾಕ್ ಒಂದು, ಕಣ್ಣು ಒಣಗದೇ ಇರೋಕೆ ಲೂಬ್ರಿಕೆಂಟ್ ಒಂದು. ಹಾಕೋ ಡ್ಯೂಟಿ ನಂದು.

ಮೊದಲು ಔಷಧಿ ಬಗ್ಗೆ. ಇದರಲ್ಲಿ ಎರಡು ಕೆಲಸ ಇದೆ. ಮಾಕ್ಸಿ ಅನ್ನೋದು ಆಂಟಿಬಯಾಟಿಕ್, ಬ್ಯಾಕ್ಟೀರಿಯಾ ಕೊಲ್ಲುತ್ತೆ. ಡೆಕ್ಸಾ ಅನ್ನೋದು ಸ್ಟೀರಾಯ್ಡ್, ಅದು ಯಾವ ರೋಗಾಣುವನ್ನೂ ಕೊಲ್ಲಲ್ಲ, ಕಣ್ಣು ತಾನೇ ತೋರಿಸೋ ಸಿಟ್ಟನ್ನ, ಅಂದ್ರೆ ಕೆಂಪು, ಊತ, ಉರಿ, ಇವನ್ನ ಇಳಿಸುತ್ತೆ. ಆಪರೇಷನ್ ಆದ ಕಣ್ಣಿಗೆ ಎರಡೂ ಬೇಕು. ಅಮ್ಮನಿಗಂತೂ ಕೆಲಸ ಮಾಡಿದ್ದು ಕಣ್ಣಿಗೆ ಕಾಣ್ತಿತ್ತು, ಕೆಂಪು ದಿನದಿಂದ ದಿನಕ್ಕೆ ಇಳೀತು, ಮರಳು ಬಿದ್ದಂಗೆ ಆಗ್ತಿದೆ ಅನ್ನೋದು ನಿಂತೋಯ್ತು, ಕಂಪ್ಲೇಂಟ್ ಇದ್ದಿದ್ದು ಒಂದೇ, ಹಾಕಿದ ಸ್ವಲ್ಪ ಹೊತ್ತಿಗೆ ಬಾಯೆಲ್ಲಾ ಕಹಿ. ಅದು ಸುಳ್ಳಲ್ಲ. ಕಣ್ಣಿನ ಒಳಮೂಲೆಯಿಂದ ಮೂಗಿಗೆ ಒಂದು ಸಣ್ಣ ನಾಳ ಇದೆ, ಅತ್ತಾಗ ಮೂಗು ಸೋರೋದು ಅದಕ್ಕೇ, ಡ್ರಾಪ್ಸ್ ಕೂಡ ಅದೇ ದಾರಿಲಿ ಗಂಟಲಿಗೆ ಇಳಿಯುತ್ತೆ. ಹನಿ ಹಾಕಿದ ತಕ್ಷಣ ಕಣ್ಣು ಮೆತ್ತಗೆ ಮುಚ್ಚಿ, ಮೂಗಿನ ಪಕ್ಕದ ಆ ಮೂಲೆಯನ್ನ ಬೆರಳಲ್ಲಿ ಒಂದೆರಡು ನಿಮಿಷ ಒತ್ತಿ ಹಿಡಿದ್ರೆ ಕಹಿ ಕಮ್ಮಿ, ಔಷಧಿ ಕಣ್ಣಲ್ಲೇ ಹೆಚ್ಚು ಉಳಿಯುತ್ತೆ, ಮೈಗೆ ಸೇರೋದೂ ಕಮ್ಮಿ. ಇದನ್ನ ಚೀಟಿಲಿ ಯಾರೂ ಬರೆದಿರಲಿಲ್ಲ, ನರ್ಸ್ ಒಬ್ಬರು ಬಾಯಲ್ಲಿ ಹೇಳಿದ್ದು, ಅವರಿಗೆ ಪುಣ್ಯ ಬರಲಿ.

ಈಗ ಬಾಟಲ್. ಇಲ್ಲಿ ನಂಗೆ ನಿಜವಾಗ್ಲೂ ತಲೆ ಕೆಟ್ಟಿದ್ದು. ನಮ್ಮಲ್ಲಿ ಬರೋ ಎಷ್ಟೋ ಡ್ರಾಪ್ಸ್ ಬಾಟಲಿಗೆ ಮೂತಿಲಿ ತೂತೇ ಇರಲ್ಲ! ಮುಚ್ಚಳದ ಒಳಗೊಂದು ಮುಳ್ಳು ಇರುತ್ತೆ, ಮುಚ್ಚಳವನ್ನ ಕೆಳಗಿನ ತನಕ ಬಿಗಿಯಾಗಿ ತಿರುಗಿಸಿದ್ರೆ ಆ ಮುಳ್ಳೇ ಮೂತಿಗೆ ತೂತು ಹಾಕುತ್ತೆ. ಇದನ್ನ ಲೇಬಲ್ ಮೇಲೆ ಇರುವೆಗೂ ಕಾಣದ ಅಕ್ಷರದಲ್ಲಿ ಇಂಗ್ಲಿಷಲ್ಲಿ ಬರೆದಿರ್ತಾರೆ. ಗೊತ್ತಿಲ್ಲದವರು ಏನ್ಮಾಡ್ತಾರೆ? ಸೇಫ್ಟಿ ಪಿನ್ನು, ಹೊಲಿಗೆ ಸೂಜಿ, ಬ್ಲೇಡು, ಕೈಗೆ ಸಿಕ್ಕಿದ್ದು ಹಾಕಿ ಚುಚ್ಚುತ್ತಾರೆ. ಸ್ಟೆರೈಲ್ ಅಂತ ಫ್ಯಾಕ್ಟರಿಲಿ ಅಷ್ಟು ಕಷ್ಟಪಟ್ಟು ತುಂಬಿದ್ದು ಅಲ್ಲಿಗೆ ಮುಗೀತು, ಮೇಲಿಂದ ತೂತು ದೊಡ್ಡದಾಗಿ ಒಂದೊಂದು ಸಲಕ್ಕೆ ಮೂರು ನಾಲ್ಕು ಹನಿ ಸುರಿಯುತ್ತೆ. ದಯವಿಟ್ಟು ಮುಚ್ಚಳ ತಿರುಗಿಸಿ, ಪಿನ್ ಮುಟ್ಟಬೇಡಿ.

ಅಷ್ಟು ಹನಿ ಸುರಿದ್ರೆ ಜಾಸ್ತಿ ಒಳ್ಳೇದಲ್ವಾ ಅಂತ ನಮ್ಮ ಅತ್ತೆ ಕೇಳಿದ್ರು. ಕಣ್ಣಿನ ಒಳಗೆ ನಿಲ್ಲೋದು ಹೆಚ್ಚುಕಮ್ಮಿ 30 ಮೈಕ್ರೋಲೀಟರ್, ಬಾಟಲಿಂದ ಬೀಳೋ ಒಂದು ಹನಿನೇ 40ರಿಂದ 50 ಇರುತ್ತೆ. ಒಂದೇ ಹನಿ ಆಗಲೇ ಹೆಚ್ಚು, ಎರಡನೇದು ಕೆನ್ನೆಗೆ. ಎರಡು ಬೇರೆ ಬೇರೆ ಡ್ರಾಪ್ಸ್ ಇದ್ರೆ ಮಧ್ಯೆ ಕನಿಷ್ಠ ಐದು ನಿಮಿಷ ಬಿಡಬೇಕು ಅನ್ನೋದೂ ಇದಕ್ಕೇ, ಇಲ್ಲಾಂದ್ರೆ ಹಿಂದಿಂದನ್ನ ಮುಂದಿಂದು ತೊಳೆದುಬಿಡುತ್ತೆ. ಮುಲಾಮು ಇದ್ರೆ ಅದು ಕೊನೆಗೆ. ಹಾಕೋವಾಗ ಕೈ ಸೋಪಲ್ಲಿ ತೊಳೆದು, ಕೆಳರೆಪ್ಪೆ ಎಳೆದು ಸಣ್ಣ ಜೇಬು ಥರ ಮಾಡಿ ಅದರೊಳಗೆ ಬೀಳಿಸಬೇಕು, ಮೂತಿ ರೆಪ್ಪೆಗೆ ಕೂದಲಿಗೆ ಬೆರಳಿಗೆ ಯಾವುದಕ್ಕೂ ತಾಗಬಾರದು, ತಾಗಿದ್ರೆ ಕಣ್ಣಲ್ಲಿರೋ ಕ್ರಿಮಿ ಬಾಟಲಿಗೆ ಹೋಗಿ ಕೂತ್ಕೊಳುತ್ತೆ. ಒಬ್ಬರೇ ಹಾಕ್ಕೊಳ್ಳೋರು, ಕೈ ನಡುಗೋರು ಇದ್ರೆ ಅಂಗಾತ ಮಲಗಿ ಕಣ್ಣು ಮುಚ್ಚಿ ಒಳಮೂಲೆಲಿ ಒಂದು ಹನಿ ಬಿಟ್ಟು ಆಮೇಲೆ ಕಣ್ಣು ಬಿಟ್ರೂ ಒಳಗೆ ಹೋಗುತ್ತೆ.

ಇನ್ನೊಂದು, ಮನೆಗೆ ಬಂದ ಮೂರೂ ಬಾಟಲಿಗೂ ಬಿಳಿ ಮುಚ್ಚಳ! ಕಣ್ಣು ಸರಿಯಾಗಿ ಕಾಣದವರಿಗೆ ಕೊಡೋ ಔಷಧಿ ಅನ್ನೋ ಪರಿಜ್ಞಾನ ಬೇಡ್ವಾ. ಅಮೆರಿಕದಲ್ಲಿ ಗುಂಪಿಗೊಂದು ಬಣ್ಣದ ಮುಚ್ಚಳ ಇದೆ, ಸ್ಟೀರಾಯ್ಡಿಗೆ ಗುಲಾಬಿ, ಆಂಟಿಬಯಾಟಿಕ್‌ಗೆ ಕಂದು, ನೆಪಾಫೆನಾಕ್ ಥರದ್ದಕ್ಕೆ ಬೂದು, ಪಾಪೆ ಅಗಲಿಸೋದಕ್ಕೆ ಕೆಂಪು. ನಾನು ಬಾಟಲಿಗೆ ರಬ್ಬರ್ ಬ್ಯಾಂಡ್ ಹಾಕಿದೆ, ಒಂದು ಬ್ಯಾಂಡ್ ಇರೋದು ಮಾಕ್ಸಿ-ಡೆಕ್ಸಾ, ಎರಡಿರೋದು ನೆಪಾಫೆನಾಕ್, ಬೋಳಾಗಿರೋದು ಲೂಬ್ರಿಕೆಂಟ್, ಅಮ್ಮ ಕತ್ತಲಲ್ಲೂ ಮುಟ್ಟಿ ಹೇಳ್ತಿದ್ರು. ಕಿವಿಗೆ ಹಾಕೋ ಡ್ರಾಪ್ಸ್ ಅಂತೂ ಅದೇ ಡಬ್ಬಿಲಿ ಇಡಲೇಬೇಡಿ. ಕಣ್ಣಿಂದು ಡಾಕ್ಟರ್ ಹೇಳಿದ್ರೆ ಕಿವಿಗೂ ಹಾಕಬಹುದು, ಕಿವಿಗೆ ಮಾತ್ರ ಅಂತ ಮಾಡಿರೋದು ಕಣ್ಣಿಗೆ ಬಿದ್ರೆ ಬೆಂಕಿ.

ಕಾಂಬಿನೇಷನ್ ಬಗ್ಗೆ ಒಂದು ತಕರಾರಿದೆ. ಸ್ಟೀರಾಯ್ಡನ್ನ ಒಂದೇ ಸಲ ನಿಲ್ಲಿಸೋ ಹಾಗಿಲ್ಲ, ಊತ ವಾಪಸ್ ಬರಬಹುದು, ಅದಕ್ಕೇ ಮೊದಲ ವಾರ ದಿನಕ್ಕೆ ಆರು ಸಲ, ಆಮೇಲೆ ನಾಲ್ಕು, ಮೂರು, ಎರಡು ಅಂತ ಇಳಿಸಿಕೊಂಡು ಬರ್ತಾರೆ, ಲೆಕ್ಕ ಡಾಕ್ಟರಿಂದ ಡಾಕ್ಟರಿಗೆ ಬೇರೆ ಇರುತ್ತೆ. ಆಂಟಿಬಯಾಟಿಕ್ ರೂಲ್ಸ್ ಉಲ್ಟಾ, ಇರೋವಷ್ಟು ದಿನ ಪೂರ್ತಿ ಡೋಸ್ ಕೊಟ್ಟು ಆಮೇಲೆ ಪೂರ್ತಿ ನಿಲ್ಲಿಸಬೇಕು, ದಿನಕ್ಕೆ ಒಂದೋ ಎರಡೋ ಸಲ ಚಿಮುಕಿಸ್ತಾ ಇದ್ರೆ ಬ್ಯಾಕ್ಟೀರಿಯಾ ಸಾಯೋ ಬದಲು ಔಷಧಿಗೇ ಒಗ್ಗಿಕೊಳ್ಳೋ ಚಾನ್ಸ್ ಜಾಸ್ತಿ. ಎರಡನ್ನೂ ಒಂದೇ ಬಾಟಲಿಗೆ ತುಂಬಿದ್ರೆ ಒಂದನ್ನ ಇಳಿಸೋವಾಗ ಇನ್ನೊಂದೂ ಇಳಿಯುತ್ತೆ. ಹಾಗಾಗಿ ಕೆಲವು ಡಾಕ್ಟರು ಬೇರೆ ಬೇರೆ ಬರೀತಾರೆ, ಮಾಕ್ಸಿ ಒಂದನ್ನೇ ಒಂದೆರಡು ವಾರ, ಸ್ಟೀರಾಯ್ಡಿಗೆ ಪ್ರೆಡ್ನಿಸೊಲೋನ್ ಅಸಿಟೇಟ್ 1 ಪರ್ಸೆಂಟ್. ಆ ಪ್ರೆಡ್ನಿಸೊಲೋನ್ ಹಾಲಿನ ಥರ ಬಿಳಿ ಇರುತ್ತೆ, ಔಷಧಿ ತಳಕ್ಕೆ ಕೂತಿರುತ್ತೆ, ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸ್ಲೇಬೇಕು, ಇಲ್ಲಾಂದ್ರೆ ಮೊದಲ ವಾರ ಬರೀ ನೀರು ಕೊನೇ ವಾರ ಗಟ್ಟಿ ಔಷಧಿ ಹಾಕಿದ ಹಾಗೆ. ಕಾಂಬಿನೇಷನ್‌ಗೆ ಇರೋ ಪ್ಲಸ್ ಅಂದ್ರೆ ಒಂದು ಬಾಟಲ್ ಕಮ್ಮಿ, ವಯಸ್ಸಾದವರಿಗೆ ಗೊಂದಲ ಕಮ್ಮಿ. ಅದೂ ಸಣ್ಣ ವಿಷಯ ಅಲ್ಲ ಬಿಡಿ.

ಸೊನ್ನೆ ಕೊಟ್ಟಿದ್ದು ಮಾರೋ ರೀತಿಗೆ ಅಂದ್ನಲ್ಲ. ಡಬ್ಬಿ ಮೇಲೆ ಆರ್‌ಎಕ್ಸ್ ಅಂತ ಇದೆ, ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಕೆಂಪಕ್ಷರದ ಎಚ್ಚರಿಕೆ ಬೇರೆ. ಆದ್ರೂ ನೀವು ಯಾವುದೇ ಊರಲ್ಲಿ ಕಣ್ಣು ಉಜ್ಜಿಕೊಂಡು ಹೋಗಿ ಕಣ್ಣು ಕೆಂಪಾಗಿದೆ ಏನಾದ್ರೂ ಕೊಡಿ ಅನ್ನಿ, ಇದನ್ನೋ ಇದರ ಅಣ್ಣನನ್ನೋ ಕೊಡೋ ಅಂಗಡಿ ಸಿಕ್ಕೇ ಸಿಗುತ್ತೆ. ನಮ್ಮ ಏರಿಯಾದ ಒಂದು ಮೆಡಿಕಲ್‌ನಲ್ಲಿ ನಂಗಿಂತ ಮುಂಚೆ ನಿಂತಿದ್ದ ಹುಡುಗನಿಗೆ ಹಾಗೇ ಕೊಟ್ರು, ಚೀಟಿನೂ ಕೇಳಲಿಲ್ಲ, ಲೆನ್ಸ್ ಹಾಕ್ತೀಯಾ ನೋವಿದೆಯಾ ಅಂತಾನೂ ಕೇಳಲಿಲ್ಲ. ಹಾಕಿದ್ರೆ ಮಾರನೇ ದಿನ ಕೆಂಪು ಇಳಿದುಬಿಡುತ್ತೆ, ಎಷ್ಟು ಚೆನ್ನಾಗಿ ಕೆಲಸ ಮಾಡ್ತು ಅಂತ ಆ ಹುಡುಗನೂ ಹೇಳ್ತಾನೆ. ಕೆಂಪು ಇಳಿಸಿದ್ದು ಸ್ಟೀರಾಯ್ಡು, ಒಳಗೆ ಏನಿತ್ತೋ ಅದು ಹಾಗೇ ಇರಬಹುದು.

2023ರ ಜುಲೈ-ಆಗಸ್ಟಲ್ಲಿ ನಮ್ಮ ರಾಜ್ಯದಲ್ಲಿ ಮದ್ರಾಸ್ ಐ ಹಬ್ಬಿತ್ತಲ್ಲ, ಸ್ಕೂಲ್ ಮಕ್ಕಳಿಗೆಲ್ಲ ಬಂದು ಮನೆಮಂದಿಗೆಲ್ಲ ಹಬ್ಬಿತ್ತು. ಇಂಥ ಕಣ್ಣುಬೇನೆ ಬಹುಪಾಲು ವೈರಸ್ಸಿಂದ ಬರೋದು, ವೈರಸ್ಸಿಗೆ ಆಂಟಿಬಯಾಟಿಕ್ ಏನೂ ಮಾಡಲ್ಲ, ಒಂದೆರಡು ವಾರದಲ್ಲಿ ತಾನಾಗೇ ಹೋಗುತ್ತೆ, ಅಲ್ಲಿ ತನಕ ಬೇಕಾಗಿರೋದು ಕೈ ತೊಳೆಯೋದು, ಟವೆಲ್ ದಿಂಬು ಬೇರೆ ಇಡೋದು, ತಣ್ಣೀರ ಬಟ್ಟೆ, ಲೂಬ್ರಿಕೆಂಟ್. ಒಂದೇ ಬಾಟಲಿಂದ ಇಡೀ ಮನೆಗೆ ಡ್ರಾಪ್ಸ್ ಹಾಕಿದ್ರೆ ಔಷಧಿ ಜೊತೆ ಬೇನೆನೂ ಹಂಚಿದ ಹಾಗೆ ಆಗುತ್ತೆ.

ಅದಾದ್ರೂ ಪರವಾಗಿಲ್ಲ, ತಾನಾಗೇ ಹೋಗೋದು. ಕೆಂಪಾಗಿರೋದು ಹರ್ಪಿಸ್ ವೈರಸ್ಸಿಂದ ಕಾರ್ನಿಯಾ, ಅಂದ್ರೆ ಕರಿಗುಡ್ಡೆ ಮೇಲಿನ ಗಾಜಿನಂಥ ಪದರದ ಮೇಲೆ ಆದ ಹುಣ್ಣಾಗಿದ್ರೆ ಸ್ಟೀರಾಯ್ಡ್ ಅದಕ್ಕೆ ರತ್ನಗಂಬಳಿ ಹಾಸಿ ಕೊಡುತ್ತೆ. ಆ ಹುಣ್ಣು ಮರದ ಕೊಂಬೆ ಆಕಾರದಲ್ಲಿ ಇರುತ್ತೆ, ಡಾಕ್ಟರು ಕಣ್ಣಿಗೆ ಹಳದಿ ಬಣ್ಣ ಹಾಕಿ ನೀಲಿ ಲೈಟಲ್ಲಿ ನೋಡಿದ್ರೇನೇ ಕಾಣೋದು, ಮೆಡಿಕಲ್ ಶಾಪ್ ಕೌಂಟರಿಂದ ಕಾಣಲ್ಲ. ಹಳ್ಳಿ ಕಡೆ ಇನ್ನೊಂದು ಕಥೆ. ಭತ್ತ ಬಡಿಯೋವಾಗ ಹೊಟ್ಟು ಬಿತ್ತು, ಕಬ್ಬಿನ ಗರಿ ಕಣ್ಣಿಗೆ ತಾಗ್ತು ಅಂತ ಮೊದಲು ಎದೆಹಾಲೋ ಹರಳೆಣ್ಣೆಯೋ ಹಾಕ್ತಾರೆ, ಕಮ್ಮಿ ಆಗ್ಲಿಲ್ಲ ಅಂತ ಆಮೇಲೆ ಯಾರದೋ ಮನೇಲಿ ಉಳಿದಿದ್ದ ಡ್ರಾಪ್ಸ್ ತಂದು ಹಾಕ್ತಾರೆ. ಗಿಡ, ಎಲೆ, ಹೊಟ್ಟಿಂದ ಆದ ಗಾಯಕ್ಕೆ ಫಂಗಸ್ ಹಿಡಿಯೋದು ನಮ್ಮ ದೇಶದಲ್ಲಿ ತುಂಬ ಸಾಮಾನ್ಯ, ಮಾಕ್ಸಿ ಅದನ್ನ ಮುಟ್ಟಲ್ಲ, ಡೆಕ್ಸಾ ಅದನ್ನ ಬೆಳೆಸುತ್ತೆ, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ ಕಾಣೋ ಹೊತ್ತಿಗೆ ಕಾರ್ನಿಯಾ ಅರ್ಧ ಹಾಳಾಗಿರುತ್ತೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಆಗೋದು ಅಲರ್ಜಿ ಮಕ್ಕಳ ವಿಷಯದಲ್ಲಿ. ಬೇಸಿಗೆ ಬಂತು ಅಂದ್ರೆ ಕೆಲವು ಮಕ್ಕಳಿಗೆ ಕಣ್ಣು ಭಯಂಕರ ತುರಿಕೆ, ಉಜ್ಜಿ ಉಜ್ಜಿ ಕೆಂಪು, ನೂಲಿನ ಥರ ಪಿಸುರು. ಡಾಕ್ಟರು ಒಂದು ಸಲ ಸ್ವಲ್ಪ ದಿನಕ್ಕೆ ಅಂತ ಸ್ಟೀರಾಯ್ಡ್ ಡ್ರಾಪ್ಸ್ ಬರೀತಾರೆ, ಮಗುಗೆ ಸ್ವರ್ಗ ಸಿಕ್ಕಿದ ಹಾಗೆ ಆಗುತ್ತೆ, ಅಪ್ಪ-ಅಮ್ಮ ಅದೇ ಖಾಲಿ ಡಬ್ಬಿ ತೋರಿಸಿ ಪ್ರತಿ ವರ್ಷ ತಗೋತಾರೆ, ತಿಂಗಳುಗಟ್ಟಲೆ ಹಾಕ್ತಾರೆ. ವಾರಗಟ್ಟಲೆ ಸ್ಟೀರಾಯ್ಡ್ ಹಾಕಿದ್ರೆ ಸುಮಾರಾಗಿ ಮೂರು ಜನರಲ್ಲಿ ಒಬ್ಬರಿಗೆ ಕಣ್ಣಿನೊಳಗಿನ ಪ್ರೆಶರ್ ಸ್ವಲ್ಪವಾದ್ರೂ ಏರುತ್ತೆ, ಕೆಲವರಿಗೆ ವಿಪರೀತ ಏರುತ್ತೆ, ನಾರ್ಮಲ್ ಅಂದ್ರೆ ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ 10ರಿಂದ 21ರ ಒಳಗೆ ಇರಬೇಕು. ಏರಿದ್ದು ಗೊತ್ತೇ ಆಗಲ್ಲ, ನೋವಿಲ್ಲ, ಕೆಂಪಿಲ್ಲ, ಬದಿಯಿಂದ ದೃಷ್ಟಿ ತಿನ್ನುತ್ತಾ ಬರುತ್ತೆ, ಅದೇ ಗ್ಲಾಕೋಮಾ, ಹೋದ ದೃಷ್ಟಿ ವಾಪಸ್ ಇಲ್ಲ. ಸಣ್ಣ ವಯಸ್ಸಿಗೇ ಪೊರೆ ಬರೋದೂ ಇದರಿಂದ ಇದೆ. ಹಾಗಾಗಿ ಡಾಕ್ಟರು ಫಾಲೋಅಪ್ ಡೇಟ್ ಕೊಟ್ರೆ ಅದು ಫೀಸ್ ಕೀಳೋಕೆ ಅಂದ್ಕೋಬೇಡಿ, ಪ್ರೆಶರ್ ಚೆಕ್ ಮಾಡೋಕೆ. ಮನೇಲಿ ಯಾರಿಗಾದ್ರೂ ಗ್ಲಾಕೋಮಾ ಇದ್ರೆ ಚೀಟಿ ಬರೆಯೋಕೆ ಮುಂಚೆನೇ ಹೇಳಿಬಿಡಿ.

ಯಾವಾಗ ಡ್ರಾಪ್ಸ್ ಪ್ರಯೋಗ ಬಿಟ್ಟು ಓಡಬೇಕು ಅಂದ್ರೆ, ಕೆಂಪಿನ ಜೊತೆ ನೋವಿದ್ರೆ, ಬೆಳಕು ನೋಡೋಕಾಗದೇ ಇದ್ರೆ, ದೃಷ್ಟಿ ಮಂಜಾದ್ರೆ, ಕಾಂಟ್ಯಾಕ್ಟ್ ಲೆನ್ಸ್ ಹಾಕೋರಿಗೆ ಕೆಂಪಾದ್ರೆ. ಲೆನ್ಸ್‌ನವರು ಕಣ್ಣು ಸರಿ ಆಗೋ ತನಕ ಲೆನ್ಸ್ ಮುಟ್ಟೋದೇ ಬೇಡ. ಆಪರೇಷನ್ ಆದವರಿಗೆ ಇಳೀಬೇಕಾದ ನೋವು ಏರ್ತಾ ಹೋದ್ರೆ ಅಥವಾ ಕಾಣ್ತಾ ಇದ್ದಿದ್ದು ಮಬ್ಬಾದ್ರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿನೇ ಆಸ್ಪತ್ರೆಗೆ ಫೋನ್ ಮಾಡಿ.

ಬೆಲೆ ವಿಷಯಕ್ಕೆ ಬಂದ್ರೆ ಇದು ಅಂಥಾ ದುಬಾರಿ ಔಷಧಿ ಅಲ್ಲ, ಚೀಟಿಲಿ ಔಷಧಿ ಹೆಸರನ್ನೇ ಬರೆಸಿಕೊಂಡ್ರೆ ಜನೌಷಧಿ ಕೇಂದ್ರದಲ್ಲಿ ಅದೇ ಕಾಂಬಿನೇಷನ್ ಇದೆಯಾ ಅಂತ ಒಮ್ಮೆ ಕೇಳಬಹುದು. ತಗೊಳ್ಳೋವಾಗ ಎಕ್ಸ್‌ಪೈರಿ ನೋಡಿ, ಮುಚ್ಚಳದ ಸೀಲ್ ನೋಡಿ. ಎಕ್ಸ್‌ಪೈರಿ ಎರಡು ವರ್ಷ ದೂರ ಇದ್ರೂ ಓಪನ್ ಮಾಡಿದ್ಮೇಲೆ ಒಂದು ತಿಂಗಳಷ್ಟೇ, ಅದನ್ನೂ ಲೇಬಲ್ ಮೇಲೆ ಬರೆದಿರ್ತಾರೆ, ಓಪನ್ ಮಾಡಿದ ದಿನವೇ ಪೆನ್ನಲ್ಲಿ ಡೇಟ್ ಬರೆದಿಡಿ. ಕಾರ್ ಡ್ಯಾಶ್‌ಬೋರ್ಡ್ ಮೇಲೆ, ಕಿಟಕಿ ಬಿಸಿಲಲ್ಲಿ ಇಡಬೇಡಿ.

ಅಮ್ಮನಿಗೆ ಇನ್ನೊಂದು ಕಣ್ಣಿನ ಆಪರೇಷನ್ ಬಾಕಿ ಇದೆ. ಈ ಸಲ ಆಂಟಿಬಯಾಟಿಕ್ಕು ಸ್ಟೀರಾಯ್ಡು ಬೇರೆ ಬೇರೆ ಬಾಟಲಲ್ಲಿ ಬರೆದುಕೊಡೋಕಾಗುತ್ತಾ ಅಂತ ಡಾಕ್ಟರನ್ನ ಕೇಳ್ಬೇಕು ಅಂದ್ಕೊಂಡಿದೀನಿ, ಬೇಡ ಅಂದ್ರೆ ಅವರು ಹೇಳಿದ ಹಾಗೆ. ಅಮ್ಮನ ವಾದ ಬೇರೆ, ಹಳೇ ಬಾಟಲಿನಲ್ಲಿ ಇನ್ನೂ ಅರ್ಧ ಇದೆಯಲ್ಲೋ ದುಡ್ಡು ಯಾಕೆ ದಂಡ ಅಂತಾರೆ. ಆ ಅರ್ಧ ಬಾಟಲ್ ಈಗಾಗ್ಲೇ ಕಸಕ್ಕೆ ಹೋಗಿದೆ, ಅವರಿಗಿನ್ನೂ ಹೇಳಿಲ್ಲ.