ಪೆನಂಟ್‌ಗೆ ಕಟ್ಟು ಹಾಕಿಸಿದ್ದು: ಐದಕ್ಕೆ ನಾಲ್ಕು ಸ್ಟಾರ್

ಬೆಳಗಾವಿ ಖಡೇಬಜಾರದ ಹಿಂದಿನ ಗಲ್ಲಿಯ ಫೋಟೊ ಕಟ್ಟಿನ ಅಂಗಡಿ. ಗೋಡೆ ತುಂಬ ಸವದತ್ತಿ ಯಲ್ಲಮ್ಮ, ವಿಠ್ಠಲ, ತೀರಿಹೋದ ಅಜ್ಜಂದಿರು. ಅಲ್ಲಿಗೆ ನಾನು ಒಯ್ದದ್ದು ಅಮೆರಿಕದ ಬೇಸ್‌ಬಾಲ್ ತಂಡದ ಹಳೇ ಫೆಲ್ಟ್ ಪೆನಂಟ್, ಅಂದರೆ ಅಭಿಮಾನಿಗಳು ಗೋಡೆಗೆ ಹಾಕಿಕೊಳ್ಳುವ ತ್ರಿಕೋನ ಪತಾಕೆ. ಬಿಚ್ಚಿದ ಕೂಡಲೇ ಮಾಲೀಕರು, “ಯಾವೂರ ಜಾತ್ರಿ ಪತಾಕಿರೀ ಇದು?” ಅಂದರು.

ಮಿಲ್ವಾಕಿ ಬ್ರೇವ್ಸ್ ತಂಡದ್ದು. ಬಾಸ್ಟನ್ ಬಿಟ್ಟು 1953ರಲ್ಲಿ ಮಿಲ್ವಾಕಿಗೆ ಬಂದ ತಂಡ, 1965ರ ಸೀಸನ್ ಮುಗಿಸಿ ಅಟ್ಲಾಂಟಾಕ್ಕೆ ಹೋಯಿತು. ಇಸವಿ ಅಚ್ಚಾಗಿರದಿದ್ದರೂ ಊರ ಹೆಸರೇ ವಯಸ್ಸು ಹೇಳುತ್ತದೆ. ನನ್ನ ಹತ್ತಿರ ಇಂಥವು ಹನ್ನೊಂದಿವೆ. ಹನ್ನೆರಡಿದ್ದವು, ಬೇರೆ ಒಂದು ಅಂಗಡಿಯವ ಒಂದನ್ನು ಗಮ್ ಬಳಿದು ಹಲಗೆಗೆ ಅಂಟಿಸಿಬಿಟ್ಟ. ಫೆಲ್ಟ್ ಅಂದರೆ ನೇಯ್ದ ಬಟ್ಟೆಯಲ್ಲ, ಉಣ್ಣೆಯನ್ನು ಬಿಸಿ ನೀರಲ್ಲಿ ಒತ್ತಿ ಒತ್ತಿ ಗಟ್ಟಿ ಮಾಡಿದ್ದು. ಬಿಡಿಸಲು ಹೋದರೆ ತವೆಗೆ ಹತ್ತಿದ ರೊಟ್ಟಿ ಹಾಗೆ ಪದರವೇ ಕಿತ್ತು ಬಂತು.

ಇದನ್ನೇ ಹೇಳುತ್ತಿದ್ದೆ, ಮಾಲೀಕರು ತಡೆದು, “ಹಾರ್ಮೋನಿಯಂ ಕೀ ಕೆಳಗ ಹಾಕ್ತಾರಲ್ರೀ, ಅದ ಅರಬಿ” ಅಂದರು. ಅಲ್ಲಿಗೆ ನನಗೆ ಧೈರ್ಯ ಬಂತು. ಆದರೂ ಎರಡು ಸಲ ಕೈ ಹಿಡಿಯಬೇಕಾಯಿತು. ಸುಕ್ಕಿಗೆ ಇಸ್ತ್ರಿ ಇಡೋಣ ಅಂದರು. ಬಿಸಿ ತಾಗಿದರೆ ಅಕ್ಷರದ ಬಣ್ಣ ಹೋಯಿತೆಂದೇ ಲೆಕ್ಕ. ಆಮೇಲೆ ಅಗಲ ತುದಿಯ ಕುಚ್ಚುಗಳನ್ನು ಸಮ ಮಾಡಲು ಕತ್ತರಿ ಎತ್ತಿಕೊಂಡೇಬಿಟ್ಟಿದ್ದರು. ಕುಚ್ಚು ಕತ್ತರಿಸಿದರೆ ಸಂಗ್ರಾಹಕರ ಕಣ್ಣಲ್ಲಿ ಪೆನಂಟಿನ ಬೆಲೆ ಇಳಿದಂತೆಯೇ. ಮೂಲೆಯ ಮೊಳೆ ತೂತೂ ಇರಲಿ ಅಂದೆ. ಯಾವನೋ ಹುಡುಗ ಮಲಗೋ ಕೋಣೆಯ ಗೋಡೆಗೆ ಬಡಿದಿದ್ದ ಗುರುತು ಅದು, ಮುಚ್ಚುವುದೇಕೆ?

ಕೆಲಸ ಮಾತ್ರ ಚೊಕ್ಕ. ಹತ್ತಿ ಬಟ್ಟೆ ಸುತ್ತಿದ ಬೋರ್ಡಿನ ಮೇಲೆ ಮಾಲೀಕರ ಮಗ ಅಂಚಿನಗುಂಟ ಸಣ್ಣ ದಾರದಲ್ಲಿ ಒಂಬತ್ತು ಹೊಲಿಗೆ ಹಾಕಿದ್ದಾನೆ. ಕಣ್ಣಿಗೆ ಹಚ್ಚಿ ಹುಡುಕಿದರೂ ನನಗೆ ಸಿಕ್ಕಿದ್ದು ಆರು. ಗಾಜು ಫೆಲ್ಟಿಗೆ ತಾಗದಂತೆ ನಡುವೆ ಕಾಲಿಂಚಿನ ಮರದ ಪಟ್ಟಿ. ಸುಮಾರು 30 ಇಂಚು ಉದ್ದದ ಪೆನಂಟಿಗೆ ₹1,850 ಕೊಟ್ಟೆ.

ಒಂದು ಸ್ಟಾರ್ ಕಡಿಮೆ ಯಾಕೆಂದರೆ, ಶನಿವಾರ ಅಂದದ್ದು ಹನ್ನೊಂದು ದಿನವಾಯಿತು, ಆಸಿಡ್ ಇಲ್ಲದ ಬೋರ್ಡನ್ನು ನಾನೇ ಬೆಂಗಳೂರಿಂದ ತರಿಸಿಕೊಡಬೇಕಾಯಿತು. ಹಿಂದುಗಡೆ ಸಾದಾ ರಟ್ಟು ಹಾಕಿದರೆ ಅದರ ಆಸಿಡ್ ಬರಬರುತ್ತ ಬಟ್ಟೆಯನ್ನು ಹಳದಿಗಟ್ಟಿಸುತ್ತದೆ.

ಕೊನೆಗೆ ದುಡ್ಡು ಎಣಿಸುತ್ತ ಕೇಳಿದರು: “ಈ ಟೀಮ್ ಎಂದಾದ್ರೂ ಗೆದ್ದಿತ್ತೇನ್ರಿ?” 1957ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಅಲ್ಲಿನ ಬೇಸ್‌ಬಾಲಿನ ಫೈನಲ್ ಸರಣಿ, ಗೆದ್ದಿತ್ತು ಅಂದೆ. “ಮೊದಲ ಹೇಳಬಾರದೇನ್ರೀ, ಗೋಲ್ಡನ್ ಪಟ್ಟಿ ಹಾಕ್ತಿದ್ದೆ!”