ಮೂಗೇಟು ದಾಖಲಿಸುವ ನೇರಳೆ-ನೀಲಿ ಬೆಳಕಿನ ಕೈದೀಪ: ದೀರ್ಘಕಾಲ ಬಳಸಿದ ಮೇಲೆ

ಬಿಳಿ ಬೆಳಕಿನಲ್ಲಿ ಏನೂ ಕಾಣದ ತೋಳಿನ ಮೇಲೆ, ಈ ದೀಪ ಹಿಡಿದೊಡನೆ ಯಾರೋ ಬಿಗಿಯಾಗಿ ಹಿಡಿದಿದ್ದರ ಗುರುತುಗಳು ಸಾಲಾಗಿ ಕಪ್ಪಗೆ ಮೂಡುವುದನ್ನು, ಹಲ್ಲೆಗೆ ಒಳಗಾದವರ ಗಾಯಗಳನ್ನು ಪರೀಕ್ಷಿಸಿ ದಾಖಲಿಸುವ ಫೊರೆನ್ಸಿಕ್ ನರ್ಸ್ ಆಗಿ ಹಲವು ಸಲ ಕಂಡಿದ್ದೇನೆ. ‘ಮುಟ್ಟಿದರೆ ನೋವಿದೆ, ಗುರುತಿಲ್ಲ’ ಎಂದಷ್ಟೇ ಬರೆಯಬೇಕಾಗಿದ್ದ ವರದಿಗಳಿಗೆ, ಅದರಲ್ಲೂ ಕಪ್ಪು ಮೈಬಣ್ಣದವರ ವರದಿಗಳಿಗೆ, ಈಗ ಚಿತ್ರದ ಆಧಾರವೂ ಸಿಗುತ್ತಿದೆ.

ರಕ್ತದ ಹಿಮೋಗ್ಲೋಬಿನ್ 415 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನೂ, ಅದು ಒಡೆದು ಉಂಟಾಗುವ ಬಿಲಿರುಬಿನ್ 450ರ ಆಸುಪಾಸಿನ ಬೆಳಕನ್ನೂ ಹೀರಿಕೊಳ್ಳುವುದರಿಂದ, ಹಳದಿ ಕನ್ನಡಕದಲ್ಲಿ ನೋಡಿದಾಗ ಸುತ್ತಲಿನ ಚರ್ಮ ಬೆಳಗಿ, ಪೆಟ್ಟು ಬಿದ್ದ ಜಾಗ ಮಾತ್ರ ಕಪ್ಪಾಗಿ ಉಳಿಯುತ್ತದೆ. 2020ರಲ್ಲಿ ಪ್ರಕಟವಾದ ನಿಯಂತ್ರಿತ ಪ್ರಯೋಗವೊಂದರಲ್ಲಿಯೂ ಹಳದಿ ಫಿಲ್ಟರ್ ಜೊತೆಗೆ ಈ ತರಂಗಾಂತರಗಳೇ ಬಿಳಿ ಬೆಳಕಿಗಿಂತ ಚೆನ್ನಾಗಿ ಮೂಗೇಟುಗಳನ್ನು ತೋರಿಸಿದ್ದವು.

ನನ್ನ ಕ್ರಮ ಎಂದೂ ಬದಲಾಗುವುದಿಲ್ಲ. ಸ್ವಾಬ್ ಸಂಗ್ರಹ ಮುಗಿದ ಮೇಲೆ ಬಿಳಿ ಬೆಳಕಿನಲ್ಲಿ ದೂರದಿಂದ, ನಡುದೂರದಿಂದ, ಹತ್ತಿರದಿಂದ ಚಿತ್ರ ತೆಗೆಯುತ್ತೇನೆ. ಹತ್ತಿರದ್ದನ್ನು ಒಮ್ಮೆ ಎಲ್ ಆಕಾರದ ಅಳತೆಪಟ್ಟಿ ಇಟ್ಟು, ಒಮ್ಮೆ ಇಡದೆ. ನಂತರ, ಈಗ ಕೋಣೆಯ ದೀಪ ಆರಿಸುತ್ತೇನೆ, ನಾನು ಇಲ್ಲೇ ಇರುತ್ತೇನೆ ಎಂದು ಪರೀಕ್ಷೆಗೆ ಬಂದವರಿಗೆ ಹೇಳಿ, ಒಪ್ಪಿಗೆ ಪಡೆದು, ಮೊದಲು ಅವರಿಗೆ ಕನ್ನಡಕ ಹಾಕಿಸಿ ಆಮೇಲೆ ನಾನು ಹಾಕಿಕೊಳ್ಳುತ್ತೇನೆ. ಹಲ್ಲೆಗೆ ಒಳಗಾದವರನ್ನು ಮುನ್ಸೂಚನೆಯಿಲ್ಲದೆ ಕತ್ತಲೆಯಲ್ಲಿ ಕೂರಿಸುವುದು ಸಲ್ಲದು.

ಇಷ್ಟೆಲ್ಲ ಮೆಚ್ಚಿಕೊಂಡರೂ ಒಂದು ದೋಷವನ್ನು ಮಾತ್ರ ಒಪ್ಪಲಾರೆ: ಇದರ ಬೆಳಕು ಸಮನಾಗಿ ಹರಡುವುದಿಲ್ಲ. ನಡುವೆ ಪ್ರಖರ, ಅಂಚಿನಲ್ಲಿ ಮಬ್ಬು. ಬರಿಗಣ್ಣಿಗೆ ಇದು ಅಷ್ಟಾಗಿ ತಿಳಿಯದಿದ್ದರೂ ಚಿತ್ರದಲ್ಲಿ ಆ ಮಬ್ಬು ಅಂಚು ಥೇಟ್ ಮೂಗೇಟಿನಂತೆ ಕಂಡು, ನಿಜವಾದ ಗುರುತಿನ ಮೇಲೂ ಅನುಮಾನ ಬರುವಂತೆ ಮಾಡುತ್ತದೆ. ಹೀಗಾಗಿ ದೀಪವನ್ನು ಬೇರೆ ಬೇರೆ ಕೋನಗಳಲ್ಲಿ ಹಿಡಿಸಿ, ಜಾಗ ಬದಲಿಸದ ಕಪ್ಪನ್ನು ಮಾತ್ರ ನಂಬುತ್ತೇನೆ. ಇದಕ್ಕೆ ಎರಡನೆಯವರ ಕೈ ಬೇಕೇ ಬೇಕು. ರಾತ್ರಿ ಪಾಳಿಯಲ್ಲಿ ಅದು ಸಿಗುವುದು ಅಪರೂಪ.

ಜೊತೆಗೆ ಬಂದ ಕೈಪಿಡಿಯ ‘ಮೂಗೇಟು ಪತ್ತೆಹಚ್ಚುತ್ತದೆ’ ಎಂಬ ಮಾತೂ ಸರಿಯಲ್ಲ. ಮಚ್ಚೆ, ಮೇಕಪ್, ಸನ್‌ಸ್ಕ್ರೀನ್ ಕೂಡ ಹೀಗೆಯೇ ಕಪ್ಪಾಗಿ ಕಾಣಬಹುದು. ಗಾಯ ಎಷ್ಟು ಹಳೆಯದೆಂದು ಈ ಬೆಳಕಿನಿಂದ ಹೇಳಲಾಗದು. ಅದಕ್ಕೇ ನಾನು ‘415ರಲ್ಲಿ ಬೆಳಕು ಹೀರಿಕೊಂಡ ಜಾಗ’ ಎಂದು ಬರೆದು, ಅಲ್ಲಿನ ನೋವು, ಊತ ಮತ್ತು ಅವರು ಹೇಳಿದ ವಿವರವನ್ನು ಪಕ್ಕದಲ್ಲೇ ದಾಖಲಿಸುತ್ತೇನೆ.

ಕ್ಯಾಮೆರಾಕ್ಕೆ ಹೊಂದುವ ಹಳದಿ ಫಿಲ್ಟರ್ ಪೆಟ್ಟಿಗೆಯಲ್ಲಿ ಇರುವುದಿಲ್ಲ, ಅದನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ದೀಪ ಹಿಡಿಯಲು ಇನ್ನೊಬ್ಬರಿರುವ ಘಟಕಗಳು ಧಾರಾಳವಾಗಿ ಕೊಳ್ಳಬಹುದು. ಒಬ್ಬರೇ ದುಡಿಯುವವರು ಬೆಳಕು ಸಮನಾಗಿ ಹರಡುವ ಮಾದರಿಗೆ ಕಾಯುವುದು ಒಳಿತು.