8×4 ಅಡಿಯ ಮರದ ಏರುಮಡಿ ಕಿಟ್: ಮೂಲೆ ಗಟ್ಟಿ, ನಡು ದುರ್ಬಲ

ಏರುಮಡಿ ಎಂದರೆ ನೆಲದ ಮೇಲೆ ಹಲಗೆಯ ಚೌಕಟ್ಟು ಕೂರಿಸಿ, ಒಳಗೆ ಮಣ್ಣು ತುಂಬಿ ಗಿಡ ಬೆಳೆಸುವ ಎತ್ತರದ ಪಾತಿ. ಮನೆಯಲ್ಲೇ ಜೋಡಿಸಿಕೊಳ್ಳುವ ಮರದ ಏರುಮಡಿ ಕಿಟ್‌ಗಳಲ್ಲಿ 8 ಅಡಿ ಉದ್ದ, 4 ಅಡಿ ಅಗಲ, 1 ಅಡಿ ಎತ್ತರದ ಪೈನ್ ಮರದ್ದು ಇದು. ಪೆಟ್ಟಿಗೆಯಲ್ಲಿರುವುದು 6 ಇಂಚು ಅಗಲ, 20 ಮಿ.ಮೀ. ದಪ್ಪದ ಎಂಟು ಹಲಗೆ, ನಾಲ್ಕು ಮೂಲೆಗಂಬ, 40 ಮಿ.ಮೀ. ಉದ್ದದ 32 ಸ್ಕ್ರೂ, ಒಂದು ಪ್ಲಾಸ್ಟಿಕ್ ಹಾಳೆ. ಕೊಟ್ಟದ್ದನ್ನು ಕೊಟ್ಟ ಹಾಗೇ ಜೋಡಿಸಿದರೆ ಉದ್ದನೆಯ ಬದಿ ಒಂದೇ ಮಳೆಗಾಲದಲ್ಲಿ ಹೊಟ್ಟೆ ಬಿಡಬಹುದು. ಎರಡು ಗೂಟ, ಒಂದು ಅಡ್ಡಪಟ್ಟಿ, ಒಳ್ಳೆಯ ಸ್ಕ್ರೂ ಸೇರಿಸಿಕೊಳ್ಳಲು ಸಿದ್ಧರಿದ್ದರೆ ಮಾತ್ರ ಇದನ್ನು ಕೊಳ್ಳಿ.

ಕೊಳ್ಳುವವರು ಸಾಮಾನ್ಯವಾಗಿ ಮೂಲೆಯನ್ನು ಅಲುಗಾಡಿಸಿ ನೋಡುತ್ತಾರೆ. ಮೂಲೆಯಲ್ಲಿ ಈ ಕಿಟ್‌ಗೆ ಕೊರತೆಯಿಲ್ಲ. ಹಲಗೆಯ ತುದಿಗೆ ತುದಿ ಸೇರಿಸದೆ, ಎರಡನ್ನೂ ಕಂಬಕ್ಕೆ ಬಿಗಿಯುವ ವಿನ್ಯಾಸ ಸರಿಯಾದದ್ದು. ಹಲಗೆಯ ತುದಿಯಿಂದ ಒಳಕ್ಕೆ, ಎಳೆಗಳ ದಿಕ್ಕಿನಲ್ಲೇ ಹೊಡೆದ ಸ್ಕ್ರೂ ಹಿಡಿತ ಕೊಡುವುದು ಕಡಿಮೆ. ತೊಂದರೆ ಇರುವುದು ನಡುವಿನಲ್ಲಿ. ಈ ಅಳತೆಯ ಮಡಿಗೆ 32 ಘನ ಅಡಿ, ಅಂದರೆ ಸುಮಾರು 900 ಲೀಟರ್ ಮಣ್ಣು ಹಿಡಿಯುತ್ತದೆ. ನೀರು ಕುಡಿದಾಗ ಅದರ ತೂಕ ಒಂದು ಟನ್ ದಾಟುತ್ತದೆ. ಎಂಟು ಅಡಿ ಉದ್ದಕ್ಕೆ ನಡುವೆ ಎಲ್ಲೂ ಆಸರೆಯಿಲ್ಲದ 20 ಮಿ.ಮೀ. ಹಲಗೆ ಆ ಒತ್ತಡಕ್ಕೆ ಬಾಗದೆ ಇರಲಾರದು. ಒತ್ತಡ ಕೆಳಗೆ ಹೆಚ್ಚು, ಹಾಗಾಗಿ ಕೆಳಗಿನ ಸಾಲಿನ ಹಲಗೆ ಮೊದಲು ಹೊರಬರುತ್ತದೆ, ಎರಡು ಸಾಲುಗಳ ನಡುವೆ ಸಂದು ಬಿಡುತ್ತದೆ. ಬರಿ ನೋಟ ಕೆಟ್ಟಿತೆಂದು ಬಿಡುವಂತಿಲ್ಲ: ಹಲಗೆಗೂ ಮಣ್ಣಿಗೂ ನಡುವೆ ಬಿರುಕು ಬಿದ್ದ ಮೇಲೆ ಹಾಕಿದ ನೀರು ಬೇರಿಗೆ ಸಿಗದೆ ಅಂಚಿನಲ್ಲೇ ಇಳಿದುಹೋಗುತ್ತದೆ.

ಪರಿಹಾರ ಸುಲಭ, ಆದರೆ ಮಣ್ಣು ತುಂಬುವ ಮೊದಲೇ ಆಗಬೇಕು. ಪ್ರತಿ ಉದ್ದಬದಿಯ ನಟ್ಟನಡುವೆ, ಹೊರಗಡೆಯಿಂದ, 2 ಅಡಿ ಉದ್ದದ 2×2 ಇಂಚಿನ ಗೂಟವನ್ನು ಒಂದಡಿ ನೆಲಕ್ಕೆ ಇಳಿಸಿ. ಮೇಲಿನ, ಕೆಳಗಿನ ಎರಡೂ ಹಲಗೆಗಳನ್ನು ಅದಕ್ಕೆ ತಲಾ ಎರಡು ಸ್ಕ್ರೂಗಳಿಂದ ಬಿಗಿಯಿರಿ. ಆಮೇಲೆ ಒಂದು ಗೂಟದ ತಲೆಯಿಂದ ಎದುರಿನ ಗೂಟದ ತಲೆಗೆ ಅಡ್ಡಪಟ್ಟಿ ಕೂರಿಸಿ. ಪಟ್ಟಿಯನ್ನು ಮಣ್ಣೊಳಗೆ ಹೂಳಬೇಡಿ. ಅಗೆಯುವಾಗ ಸಲಿಕೆಗೆ ಸಿಗುತ್ತದೆ, ಬೇಗ ಕೊಳೆಯುತ್ತದೆ.

ಸ್ಕ್ರೂ ವಿಷಯದಲ್ಲಿ ತಯಾರಕರು ಜಿಪುಣತನ ಮಾಡಿದ್ದಾರೆ. 40 ಮಿ.ಮೀ.ನಲ್ಲಿ 20 ಹಲಗೆಗೇ ಹೋಯಿತು, ಕಂಬದೊಳಗೆ ಉಳಿಯುವುದು ಇನ್ನು 20 ಮಾತ್ರ. 60 ಮಿ.ಮೀ.ನವನ್ನು ತನ್ನಿ. ಈ ಮರಕ್ಕೆ ತಾಮ್ರ ಬೆರೆತ ಸಂರಕ್ಷಕ ಕುಡಿಸಿರುವುದರಿಂದ ಮಾಮೂಲಿ ಸ್ಕ್ರೂ ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಇಲ್ಲವೇ ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದೇ ಆಗಬೇಕು. 5 ಮಿ.ಮೀ. ಸ್ಕ್ರೂಗೆ ಮೊದಲು 3 ಮಿ.ಮೀ. ತೂತು ಕೊರೆಯಿರಿ, ಇಲ್ಲದಿದ್ದರೆ ಹಲಗೆಯ ತುದಿ ಸೀಳುತ್ತದೆ. ಒಂದೇ ಕಂಬಕ್ಕೆ ಎರಡು ಕಡೆಯಿಂದ ಸ್ಕ್ರೂ ಬರುವುದರಿಂದ ಒಂದು ಬದಿಯದ್ದಕ್ಕಿಂತ ಇನ್ನೊಂದು ಬದಿಯದ್ದು ಅರ್ಧ ಇಂಚು ಮೇಲಿರಲಿ. ಒಂದೇ ಎತ್ತರದಲ್ಲಿ ಹೊಡೆದರೆ ಕಂಬದೊಳಗೆ ಮೊನೆಗೆ ಮೊನೆ ತಾಗಿ ಎರಡನೆಯದು ನಿಂತುಬಿಡುತ್ತದೆ. ಅಲ್ಲಿ ಬಲ ಹಾಕಿ ತಿರುಗಿಸಿದರೆ ತಲೆಯೇ ಮುರಿಯುತ್ತದೆ.

ಪೂರ್ತಿ ಬಿಗಿಯುವ ಮೊದಲು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಎರಡೂ ಕಡೆ ಅಳೆಯಿರಿ. ಹೊರಅಳತೆ ಸರಿಯಾಗಿ 8×4 ಇದ್ದರೆ ಎರಡೂ 8 ಅಡಿ 11 ಇಂಚಿಗಿಂತ ಚೂರು ಹೆಚ್ಚು ಬರಬೇಕು. ಅಂಕಿಗಿಂತ ಮುಖ್ಯವಾದದ್ದು ಎರಡೂ ಸಮವಾಗಿರುವುದು. ನೆಲ ಇಳಿಜಾರಾಗಿದ್ದರೆ ಎತ್ತರದ ಕಡೆ ಅಗೆದು ಮಡಿಯನ್ನು ಕೂರಿಸಿ, ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಇಟ್ಟು ನೋಡಿ. ತಗ್ಗಿನ ಕಡೆ ಕಲ್ಲು ಕೊಟ್ಟು ಎತ್ತಿದರೆ ಅಡಿಯಿಂದ ಮಣ್ಣು ತೊಳೆದುಹೋಗುತ್ತದೆ.

ಪ್ಲಾಸ್ಟಿಕ್ ಹಾಳೆಯನ್ನು ತಳಕ್ಕೆ ಹಾಸಲು ಕೈಪಿಡಿ ಹೇಳುತ್ತದೆ. ಇದು ಸ್ಪಷ್ಟವಾಗಿ ತಪ್ಪು ಸಲಹೆ: ನೀರು ಇಳಿಯದೆ ಬೇರು ಕೊಳೆಯುತ್ತದೆ. ಹಾಳೆಯನ್ನು ಕತ್ತರಿಸಿ ಬದಿಗಳ ಒಳಮೈಗೆ ಮಾತ್ರ ಸ್ಟೇಪಲ್ ಮಾಡಿ, ತಳಕ್ಕೆ ಟೇಪು ಕಿತ್ತ ರಟ್ಟು ಹಾಸಿ. ರಟ್ಟು ಹುಲ್ಲನ್ನು ಅಡಗಿಸಿ ತಾನೂ ಕರಗುತ್ತದೆ. ಇಲಿ, ಹೆಗ್ಗಣ ಇರುವ ಜಾಗವಾದರೆ ರಟ್ಟಿನ ಕೆಳಗೆ ಅರ್ಧ ಇಂಚು ಕಣ್ಣಿನ ತಂತಿಬಲೆ ಹಾಕಿ, ಅಂಚನ್ನು ಹಲಗೆಗೆ ಸ್ಟೇಪಲ್ ಮಾಡಿ.

4 ಅಡಿ ಅಗಲ ಎರಡೂ ಕಡೆಯಿಂದ ಕೈ ಹಾಕುವವರಿಗೆ ಸರಿ. ಗೋಡೆಗೆ ಒರಗಿಸುವುದಾದರೆ ಈ ಕಿಟ್ ಬೇಡ, ಎರಡರಿಂದ ಎರಡೂವರೆ ಅಡಿ ಅಗಲದ್ದನ್ನು ಹುಡುಕಿ. 4×4 ಅಡಿಯದ್ದು ಸಾಕು ಎನ್ನುವವರಿಗೆ ಇದೇ ಹಲಗೆಯ ಚಿಕ್ಕ ಕಿಟ್ ಹೆಚ್ಚು ಭದ್ರ. ಇನ್ನೊಂದು ಕಿಟ್ ತಂದು ಮೇಲೆ ಪೇರಿಸಿ ಎರಡಡಿ ಎತ್ತರ ಮಾಡುವ ಯೋಚನೆ ಇದ್ದರೆ ಕೈಬಿಡಿ. ಅಷ್ಟು ಎತ್ತರಕ್ಕೆ ಒಂದೂವರೆಯಿಂದ ಎರಡು ಇಂಚು ದಪ್ಪದ ಹಲಗೆ ಬೇಕು.

ತುಂಬಲು ಅರ್ಧ ಭಾಗ ಮೇಲ್ಮಣ್ಣು, ಮೂರನೇ ಒಂದು ಭಾಗ ಚೆನ್ನಾಗಿ ಕಳಿತ ಗೊಬ್ಬರ, ಉಳಿದದ್ದು ತೆಂಗಿನ ನಾರಿನ ಪುಡಿ. ಹಸಿ ಮರದ ಹೊಟ್ಟು ಬೆರೆಸಬೇಡಿ, ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಹಿಡಿದಿಟ್ಟುಕೊಂಡು ಎಲೆ ಹಳದಿಯಾಗುತ್ತದೆ. 40 ಲೀಟರಿನ ಚೀಲಗಳಾದರೆ 23 ಬೇಕು. ನೀರು ಬಿದ್ದ ಮೇಲೆ ಮಣ್ಣು ಎರಡು ಇಂಚಾದರೂ ಇಳಿಯುವುದರಿಂದ ಇನ್ನೂ ಮೂರ್ನಾಲ್ಕು ಚೀಲ ಜೊತೆಗೇ ತಂದಿಟ್ಟುಕೊಂಡು, ಮಣ್ಣು ಕೂತ ಮೇಲೆ ತುಂಬಿ, ಆಮೇಲೆ ಸಸಿ ನೆಡಿ.